ಹನ್ನೆರಡು ಗೆರೆಗಳ ಪಟ

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ಪಟ ತಂದಿದ್ದಳು. ಮನುಷ್ಯನ ಆಕೃತಿ, ತಲೆಯಿಂದ ಕಾಲ್ಬೆರಳವರೆಗೆ ಬಣ್ಣ ಬಣ್ಣದ ಗೆರೆಗಳು.

“ಇವು ನರಗಳೇನಮ್ಮ?” ಎಂದೆ.

“ಅಲ್ಲ ಸರ್, ಚೀನಾದ ವೈದ್ಯದಲ್ಲಿ ಹೇಳುವ ಶಕ್ತಿಯ ದಾರಿಗಳು. ಹೊಟ್ಟೆನೋವು ಬಂದಾಗ ಅಮ್ಮ ಇಲ್ಲಿ ಒತ್ತಿಕೊಳ್ತಾರೆ” ಎಂದು ಕಾಲಿನ ಒಳಮಗ್ಗುಲಿನ ಒಂದು ಚುಕ್ಕೆ ತೋರಿಸಿದಳು. ಎಂಥ ಹೊಟ್ಟೆನೋವೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಚುಕ್ಕೆ ನನಗೆ ಹೊಸದಲ್ಲ. ಚೀನೀ ವೈದ್ಯದ ಪ್ರಕಾರ ‘ಚೀ’ ಎಂಬ ಪ್ರಾಣಶಕ್ತಿ 12 ಮುಖ್ಯ ನಾಡಿಗಳಲ್ಲಿ ಹರಿಯುತ್ತದೆ. ಹರಿವಿಗೆ ತಡೆಯಾದರೆ ನೋವು. ಒತ್ತಲು, ಸೂಜಿ ಚುಚ್ಚಲು 361 ಬಿಂದುಗಳಿವೆ. ಪಾದದ ಒಳಗಂಟಿನಿಂದ ನಾಲ್ಕು ಬೆರಳಗಲ ಮೇಲಿರುವ ಬಿಂದುವಿಗೆ ‘ಸಾನ್ ಯಿನ್ ಜಿಯಾವೊ’ ಎಂದು ಹೆಸರು. ನಮ್ಮ ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವಂತೆ ಗುಲ್ಮ, ಯಕೃತ್ತು, ಮೂತ್ರಪಿಂಡದ ನಾಡಿಗಳು ಅಲ್ಲಿ ಕೂಡುತ್ತವಂತೆ. ಹೆಂಗಸರ ಮುಟ್ಟಿನ ತೊಂದರೆಗೆ ಆ ಬಿಂದುವೇ ಮುಖ್ಯ.

ನನ್ನಾಕೆ ಎರಡು ವರ್ಷ ಅದನ್ನೇ ಒತ್ತಿಕೊಂಡಳು. ಪರಿಚಯದವರೊಬ್ಬರು ಹೇಳಿಕೊಟ್ಟಿದ್ದರು. ನೋವು ಕಡಿಮೆಯಾಯಿತು ಎಂದಳು. ಒಳ್ಳೆಯದಾಯಿತು ಎಂದು ನಾನೂ ಸುಮ್ಮನಾದೆ. ಆಮೇಲೆ ಮನೆಯ ಮುಂದಿನ ಏರು ಹತ್ತುವಾಗ ಅವಳು ಎರಡು ಕಡೆ ನಿಲ್ಲತೊಡಗಿದಳು. ಕಾಫಿ ಕೊಯ್ಲಿನ ದಣಿವು ಎಂದುಕೊಂಡೆವು. “ನಾಡಿಯಲ್ಲಿ ಇನ್ನೂ ತಡೆ ಇದೆ, ಬಿಡದೆ ಒತ್ತಿ” ಎಂದರು ಪರಿಚಯದವರು. ವರ್ಷ ವರ್ಷ ಮಕ್ಕಳಿಗೆ ಹಿಮೋಗ್ಲೋಬಿನ್ ಪಾಠ ಮಾಡುವ ನಾನು, ತಿಂಗಳಿಗೆ ಎಷ್ಟು ದಿನ ರಕ್ತ ಹೋಗುತ್ತಿದೆ ಎಂದು ಹೆಂಡತಿಯನ್ನು ಒಮ್ಮೆಯೂ ಕೇಳಿರಲಿಲ್ಲ! ಕೊನೆಗೆ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7 ಗ್ರಾಂ. ಇರಬೇಕಾದದ್ದು ಕನಿಷ್ಠ 12. ಗರ್ಭಕೋಶದಲ್ಲಿ ಗಡ್ಡೆ ಇತ್ತು. ಚಿಕಿತ್ಸೆಯಾಗಿ ಈಗ ಆರೋಗ್ಯವಾಗಿದ್ದಾಳೆ.

ಹಾಗೆಂದು ಆ ಪಟವನ್ನು ನಾನು ನಗೆಯಾಡುವುದಿಲ್ಲ. ದೇಹವನ್ನು ಸೀಳಿ ನೋಡಿದರೆ ನರ, ರಕ್ತನಾಳ ಕಾಣುತ್ತವೆ, ಆ ಗೆರೆಗಳು ಕಾಣುವುದಿಲ್ಲ. ಆದರೂ ಒತ್ತಿದಾಗ ಕೆಲವರಿಗೆ ನೋವು ತಗ್ಗುವುದುಂಟು. ಮಿದುಳು ನೋವು ತಣಿಸುವ ಎಂಡಾರ್ಫಿನ್‌ಗಳನ್ನು ಸ್ರವಿಸುವುದು ಇದಕ್ಕೊಂದು ಕಾರಣವಿರಬಹುದು. ಚೀನಾದ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದೇ ತೂ ಯೂಯೂ ಎಂಬ ಮಹಿಳೆ ಮಲೇರಿಯಾದ ಮದ್ದು ಆರ್ಟೆಮಿಸಿನಿನ್ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದರು. ಆದರೆ ಅವರು ಗ್ರಂಥವನ್ನು ನಂಬಿ ಕೂರಲಿಲ್ಲ, ಪರೀಕ್ಷಿಸಿ ನೋಡಿದರು. ನೋವು ತಗ್ಗುವುದು ಬೇರೆ, ರಕ್ತ ಹೆಚ್ಚುವುದು ಬೇರೆ. ಯಾವ ಬಿಂದು ಒತ್ತಿದರೂ ರಕ್ತಕ್ಕೆ ಕಬ್ಬಿಣಾಂಶ ಬರುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 19 ವಯಸ್ಸಿನ 100 ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ ಕಂಡುಬಂತು. ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಇರುವುದು ಇದಕ್ಕಾಗಿಯೇ. ಅದು ಕಿಟಕಿಯಾಚೆ ಬೀಳುವುದನ್ನೂ ನಾನು ಕಂಡಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಊಟವಾದ ಕೂಡಲೇ ಕಾಫಿ ಬೇಕು. ಕಾಫಿ, ಚಹಾ ಎರಡೂ ಆಹಾರದ ಕಬ್ಬಿಣಾಂಶ ಹೀರಿಕೆಗೆ ಅಡ್ಡಿ. ಒಂದು ಗಂಟೆ ತಡೆಯಿರಿ. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೊಳ್ಳಿ, ಹೀರಿಕೆ ಹೆಚ್ಚುತ್ತದೆ.

ಹುಡುಗಿಯ ಪಟವನ್ನು ನಾನು ತೆಗೆಸಲಿಲ್ಲ. “ಅಮ್ಮನಿಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸಲು ಹೇಳು, ನೀನೂ ಮಾಡಿಸಿಕೋ” ಎಂದಷ್ಟೇ ಹೇಳಿದೆ. ಹತ್ತು ದಿನ ಕಳೆದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸರ್, ನನ್ನದು 11, ಅಮ್ಮನದು 8” ಎಂದಳು. “ಅಪ್ಪನಿಗೆ ಗೊತ್ತಾಯಿತೇನಮ್ಮ?” ಎಂದೆ.

“ಅಪ್ಪನೇ ಕರೆದುಕೊಂಡು ಹೋಗಿದ್ದು ಸರ್.”

ಆ ಅಪ್ಪ ನನಗಿಂತ ಜಾಣರು.