ಐದು ಎಂಬಿಯ ಮುಖ

ಸ್ವಾತಂತ್ರ್ಯೋತ್ಸವದ ಫೋಟೊಗಳನ್ನು ಕಾಲೇಜಿನ ವೆಬ್‌ಸೈಟಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊಬೈಲಿನಲ್ಲಿ ತೆಗೆದದ್ದನ್ನು ಹಾಗೆಯೇ ಹಾಕಿಬಿಟ್ಟೆ, ಒಂದೊಂದೂ 5 ಎಂಬಿ. ಕುಂದೂರಿನ ನಮ್ಮ ಮನೆಯಲ್ಲಿ ಮಳೆ ಹಿಡಿದರೆ ಸಿಗ್ನಲ್ ಒಂದೇ ಕಡ್ಡಿ. ನಾನು ಬಹುಮಾನ ಪಡೆಯುವ ಚಿತ್ರ ನೋಡಲು ಅಮ್ಮಿ ಕೊಡೆ ಹಿಡಿದು ಅಂಗಳದ ತುದಿಯಲ್ಲಿ ನಿಂತರು. ಮೇಲಿನ ಬ್ಯಾನರ್ ಕಂಡಿತು, ನನ್ನ ಮುಖ ಬರಲೇ ಇಲ್ಲ.

ಆ 5 ಎಂಬಿ ಸಾಗಿಸಲು ಸರ್ವರ್, ಟವರ್, ಮೊಬೈಲ್ ಎಲ್ಲವೂ ಕರೆಂಟ್ ತಿನ್ನುತ್ತವೆ. ಅದೂ ನೋಡಿದವರೆಷ್ಟೋ ಅಷ್ಟು ಸಲ. ಮರುದಿನ ಚಿತ್ರಗಳ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್‌ನಿಂದ ವೆಬ್‌ಪಿಗೆ ಬದಲಿಸಿದೆ. 2010ರಲ್ಲಿ ಗೂಗಲ್ ತಂದ ಈ ವಿಧಾನದಲ್ಲಿ ಅದೇ ಚಿತ್ರ ಸುಮಾರು ಕಾಲುಭಾಗ ಹಗುರವಾಗುತ್ತದೆ. (ನಿಜ ಹೇಳಬೇಕೆಂದರೆ, ಹೆಚ್ಚು ಇಳಿದದ್ದು ಅಗಲ ಕಡಿಮೆ ಮಾಡಿದ್ದರಿಂದಲೇ.) ಈಗ ಒಂದು ಫೋಟೊ 120 ಕೆಬಿ.

ಅಮ್ಮಿ ಈ ಸಲ ಅಡುಗೆಮನೆಯಲ್ಲೇ ಕುಳಿತು ನೋಡಿದರು. "ಅವತ್ತು ತಲೆ ಬಾಚಿಕೊಳ್ಳೋಕೆ ಏನಾಗಿತ್ತು?" ಎಂದರು.