ಯಾರು ಬರೆದದ್ದು?

ಎಡಿಸನ್ನಿನಿಂದ ಪೆನ್ ಸ್ಟೇಷನ್ನಿಗೆ ರೈಲು, ಅಲ್ಲಿಂದ ಸಬ್‌ವೇ. ವಾರಕ್ಕೆರಡು ಮಧ್ಯಾಹ್ನ ಮ್ಯಾನ್‌ಹಟನ್ನಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಜೊತೆ ಕೂತು ಅವರ ಪ್ರಬಂಧ ತಿದ್ದಿಸುವುದು ನನ್ನ ಕೆಲಸ. ಒಬ್ಬೊಬ್ಬರಿಗೆ 45 ನಿಮಿಷ. ತಿಪಟೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು ನ್ಯೂಯಾರ್ಕಿನ ಮಕ್ಕಳ ಇಂಗ್ಲಿಷ್ ತಿದ್ದುತ್ತಾಳೆ ಅಂದರೆ ಊರಿನಲ್ಲಿ ನಮ್ಮಣ್ಣನಿಗೆ ಇನ್ನೂ ನಗು.

ಮೊದಲ ವರ್ಷ ನಾನೂ ನಮ್ಮ ಇಂಗ್ಲಿಷ್ ಮೇಷ್ಟ್ರ ಹಾಗೆ ಕೆಂಪು ಪೆನ್ನು ಹಿಡಿದೇ ಕೂರುತ್ತಿದ್ದೆ. ಚೈನಾಟೌನಿನ ಹುಡುಗಿಯೊಬ್ಬಳು ಅಜ್ಜಿಯ ಬಗ್ಗೆ ನಾಲ್ಕು ಪುಟ ಬರೆದು ತಂದಳು. ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಪ್ರಬಂಧದಲ್ಲಿ ಮಾತ್ರ ಆಕೆ ಇನ್ನೂ ತರಕಾರಿ ಮಾರುತ್ತಾರೆ, ಬೈಯುತ್ತಾರೆ, ಮೊಮ್ಮಗಳಿಗೆ ಜಡೆ ಹೆಣೆಯುತ್ತಾರೆ. ಚೀನೀ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ ಎಂಬುದು ಆಗ ನನಗೆ ತಿಳಿಯದು. ಎಲ್ಲವನ್ನೂ ಭೂತಕಾಲಕ್ಕೆ ತಿರುಗಿಸಿದೆ. ಅಷ್ಟಕ್ಕೇ ಬಿಡದೆ, ಅವಳು 'ಹಾರ್ಡ್' ಎಂದಿದ್ದ ಕಡೆ 'ಆರ್ಡ್ಯುಅಸ್' ಎಂದು ಬರೆದೆ. ಚೆನ್ನಾಗಿ ಕಾಣಿಸಿತು.

ಮುಂದಿನ ವಾರ ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ. "ಪ್ರೊಫೆಸರ್ ಆ ಪದದ ಅರ್ಥ ಕೇಳಿದರು. ನನಗೆ ಗೊತ್ತಿರಲಿಲ್ಲ. ಇದು ನೀನೇ ಬರೆದದ್ದಾ ಅಂದರು" ಎಂದಳು. ಹಳೆಯ ಕರಡು ಅವಳ ಚೀಲದಲ್ಲಿತ್ತು, ಬಚಾವಾದಳು. ಇಲ್ಲದಿದ್ದರೆ ಕೃತಿಚೌರ್ಯದ ವಿಚಾರಣೆಯಾಗುತ್ತಿತ್ತು. ನಾನೇ ಪ್ರೊಫೆಸರ್ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಮೂರು ವಾರ ನನ್ನ ಕಡೆ ಬರಲಿಲ್ಲ.

ಆ ಮೂರು ವಾರ ರೈಲಿನಲ್ಲಿ ಮಿನಾ ಶಾನೆಸಿ ಅವರ 'ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಶನ್ಸ್' ಓದಿದೆ. 1970ರಲ್ಲಿ ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯ ಊರಿನ ಹೈಸ್ಕೂಲು ಮುಗಿಸಿದವರಿಗೆಲ್ಲ ಬಾಗಿಲು ತೆರೆಯಿತು. ಹಾರ್ಲೆಮ್ಮಿನ ಸಿಟಿ ಕಾಲೇಜಿನಲ್ಲಿ ಅವರ ಬರವಣಿಗೆ ಕಂಡು ಅಧ್ಯಾಪಕರು ತಲೆಯ ಮೇಲೆ ಕೈಹೊತ್ತರು. ಶಾನೆಸಿ ಮಾತ್ರ ಸುಮಾರು 4,000 ಪ್ರವೇಶ ಪ್ರಬಂಧಗಳನ್ನು ಇಟ್ಟುಕೊಂಡು ತಪ್ಪುಗಳನ್ನೇ ಓದಿದರು. ಇವು ದಡ್ಡತನವಲ್ಲ, ಒಂದೊಂದು ತಪ್ಪಿನ ಹಿಂದೆಯೂ ಬರೆದವರದೇ ಒಂದು ಲೆಕ್ಕಾಚಾರವಿದೆ ಎಂದರು. ಪುಸ್ತಕ ಬಂದದ್ದು 1977ರಲ್ಲಿ. ಮರುವರ್ಷವೇ ಅವರು ತೀರಿಕೊಂಡರು.

ಓದುತ್ತ ನನ್ನದೇ ನೆನಪಾಯಿತು. 'ಹತ್ತು ವರ್ಷದಿಂದ ಇಲ್ಲಿದ್ದೇನೆ' ಎನ್ನುವುದನ್ನು ನಾನು ಎಷ್ಟೋ ಕಾಲ 'ಐ ಆ್ಯಮ್ ಹಿಯರ್ ಫ್ರಮ್ ಟೆನ್ ಇಯರ್ಸ್' ಎನ್ನುತ್ತಿದ್ದೆ. ಕನ್ನಡದ ಲೆಕ್ಕದಲ್ಲಿ ಅದರಲ್ಲೇನು ತಪ್ಪು? ಇದ್ದೇನೆ, ಅಷ್ಟೆ. ಇನ್ನು 'ಎ', 'ದ' ಎಲ್ಲಿ ಹಾಕಬೇಕೆಂದು ಇಂದಿಗೂ ಒಂದು ಕ್ಷಣ ತಡವರಿಸುತ್ತೇನೆ. ಇದನ್ನು ವಿದ್ಯಾರ್ಥಿಗಳಿಗೆ ಹೇಳಲು ಮೊದಲು ನಾಚಿಕೆಯಾಗುತ್ತಿತ್ತು.

ನಾಲ್ಕನೆಯ ವಾರ ಅವಳು ಹೊಸ ಪ್ರಬಂಧ ತಂದಳು. ಪೆನ್ಸಿಲ್ ಅವಳ ಕೈಗೇ ಕೊಟ್ಟು, ನನ್ನ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು (ನಿಜವಾಗಿಯೂ!) "ಜೋರಾಗಿ ಓದಮ್ಮ" ಎನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. ಹಾಳೆಯಲ್ಲಿ 'ಸೆಲ್' ಎಂದಿತ್ತು. ಅವಳು 'ಸೋಲ್ಡ್' ಎಂದು ಓದಿಬಿಟ್ಟಳು.

"ಅಲ್ಲಿ ಹಾಗೇ ಇದೆಯಾ?"

ಬೆರಳಿಟ್ಟು ನೋಡಿದಳು. ನಕ್ಕಳು. ತಿದ್ದಿಕೊಂಡಳು. ಎರಡು ಸಾಲು ಕೆಳಗೆ ಮತ್ತೆ 'ಹಾರ್ಡ್' ಬಂತು. ಅದನ್ನು ಓದಿ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ.

ಆವತ್ತು ಮುಗಿದದ್ದು ಒಂದೂವರೆ ಪುಟ. ಐದು ಗಂಟೆಯ ರೈಲು ತಪ್ಪಿತು.