ಹೀಟರ್ ಹಾಕೋ!

ನಾಲ್ಕು ಜನ ದುಡ್ಡು ಹಾಕಿ 40 ಸಾವಿರಕ್ಕೆ ತಗೊಂಡ ಹಳೇ ಕಾರು. ಬೆಂಗಳೂರಿಂದ ಮಂಗಳೂರು, ಸುಮಾರು 350 ಕಿಲೋಮೀಟರ್. ಹೋಗುವಾಗ ಮಹಾರಾಣಿ ಥರ ಹೋಯ್ತು. ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಏರು ಶುರುವಾಗಿದ್ದೇ ತಡ, ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಬಂತು.

"ಲೋ, ಹೀಟರ್ ಹಾಕೋ!" ಅಂದ ಸ್ಟೇರಿಂಗ್ ಹಿಡಿದವನು. ಏಪ್ರಿಲ್ ಸೆಖೇಲಿ ಹೀಟರ್! ಆದರೆ ಅವನ ಲೆಕ್ಕ ಸರಿ ಇತ್ತು. ಹೀಟರ್ ಅಂದ್ರೆ ಡ್ಯಾಶ್‌ಬೋರ್ಡ್ ಹಿಂದಿರೋ ಪುಟಾಣಿ ರೇಡಿಯೇಟರ್. ಎಂಜಿನ್ನಿನ ಬಿಸಿನೀರು ಅದರಲ್ಲೂ ಹಾಯ್ದು, ಒಂದಷ್ಟು ಕಾವನ್ನ ನಮ್ಮ ಮುಖಕ್ಕೆ ರಾಚುತ್ತೆ. ಮುಳ್ಳೂ ಇಳೀತು, ನಮ್ಮ ಬೆವರೂ ಇಳೀತು.

ಆದರೂ ಒಂದು ತಿರುವಿನಲ್ಲಿ ನಿಲ್ಲಿಸಲೇಬೇಕಾಯ್ತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯೋ ಹಾಗಿಲ್ಲ. ಮುಕ್ಕಾಲು ಗಂಟೆ ತಡೆಗೋಡೆ ಮೇಲೆ ಸಾಲಾಗಿ ಕೂತ್ವಿ. ಎದುರಿಗೆ ಒಂದು ಮಂಗ, ನಮ್ಮ ಚಕ್ಕುಲಿ ಪೊಟ್ಟಣದ ಮೇಲೇ ಕಣ್ಣಿಟ್ಟು.

ಕೊಟ್ಟಿಗೆಹಾರ ತಲುಪಿ ನೀರುದೋಸೆ ತಿಂದಿದ್ದು ಎಷ್ಟು ಅಂತ ಯಾರೂ ಎಣಿಸಲಿಲ್ಲ.

ಕಾರು ಗುಜರಿಗೆ ಹೋಗಿ ವರ್ಷಗಳಾದವು. ನಮ್ಮ ವಾಟ್ಸಾಪ್ ಗ್ರೂಪಿನ ಹೆಸರು ಮಾತ್ರ ಇವತ್ತಿಗೂ "ಹೀಟರ್ ಹಾಕೋ".